ಓದುಗರ ಪ್ರಶ್ನೆ: ಐರ್ಲೆಂಡಿನ ಹಳೇ ಅಡುಗೆಮನೆ

ಐರ್ಲೆಂಡಿನ ಹಳೇ ಕಾಲದ ಮನೆ ಅಡುಗೆ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ಒಂದಿಷ್ಟು ಸೇರಿಕೊಂಡಿವೆ. ಈ ಸಲದ ಅಂಕಣ ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ. ಒಂದೇ ಥರದವನ್ನು ಕೂಡಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಐರ್ಲೆಂಡ್ ಅಂದರೆ ಆಲೂಗಡ್ಡೆ ಅಂತಲೇ ಕೇಳಿದ್ದೇನೆ. ಆದರೆ ಆಲೂಗಡ್ಡೆ ದಕ್ಷಿಣ ಅಮೆರಿಕದ್ದಲ್ವಾ? ಅದು ಬರುವ ಮೊದಲು ಅವರು ಏನು ತಿನ್ನುತ್ತಿದ್ದರು?

ಹಾಲು! ಒಂದೇ ಮಾತಿನಲ್ಲಿ ಹೇಳಿ ಅಂದರೆ ಹಾಗೇ ಹೇಳುತ್ತೇನೆ. ಆಲೂಗಡ್ಡೆ ಆ ದ್ವೀಪಕ್ಕೆ ಬಂದದ್ದು 16ನೇ ಶತಮಾನದ ಕೊನೆಯಲ್ಲಿ. ಬಡವರ ಮುಖ್ಯ ಊಟವಾಗಿ ಗಟ್ಟಿಯಾಗಿ ನೆಲೆ ನಿಂತದ್ದು 18ನೇ ಶತಮಾನದಲ್ಲಿ. ಅದಕ್ಕೂ ಹಿಂದೆ ಸಾವಿರಾರು ವರ್ಷ ಅಲ್ಲಿನ ಜನ ಬದುಕಿದ್ದು ಹಸುವಿನ ಮೇಲೆ. ಯಾರ ಬಳಿ ಎಷ್ಟು ಹಸು ಇದೆ ಅನ್ನುವುದರ ಮೇಲೆ ಅವರ ಅಂತಸ್ತು, ದಂಡ ಕಟ್ಟುವುದೂ ಹಸುವಿನ ಲೆಕ್ಕದಲ್ಲೇ. ಬೇಸಿಗೆಯಲ್ಲಿ ಕಾಯಿಸದ ಹಾಲು, ಹುಳಿ ಹಾಲು, ಒಡೆದ ಹಾಲಿನ ಗಿಣ್ಣು, ಹಲವು ಥರದ ಚೀಸು, ಬೆಣ್ಣೆ, ಮಜ್ಜಿಗೆ. ಹಾಲು ಕೊಡುವ ಹಸುವನ್ನು ಯಾರೂ ಸುಮ್ಮನೆ ಕಡಿಯುತ್ತಿರಲಿಲ್ಲ, ಹಾಗಾಗಿ ದನದ ಮಾಂಸ ದಿನದ ಊಟ ಆಗಿರಲಿಲ್ಲ.

ಹಾಲಿನ ಜೊತೆಗೆ ಓಟ್ಸ್ ಮತ್ತು ಬಾರ್ಲಿ. ಮಳೆ ಜಾಸ್ತಿ, ಬಿಸಿಲು ಕಮ್ಮಿ ಇರುವ ನೆಲಕ್ಕೆ ಓಟ್ಸ್ ಚೆನ್ನಾಗಿ ಒಗ್ಗುತ್ತದೆ. ಗೋಧಿ ಒಗ್ಗುವುದು ಕಷ್ಟ, ಅದಕ್ಕೇ ಗೋಧಿ ರೊಟ್ಟಿ ದೊಡ್ಡವರ ಮನೆಗೆ ಸೇರಿದ್ದು. ಬ್ರೆಹನ್ ಕಾನೂನು ಅಂತ ಕರೆಯುವ ಅಲ್ಲಿನ ಹಳೆಯ ಕಟ್ಟಳೆಗಳಲ್ಲಿ ಇದರ ಬಗ್ಗೆ ಒಂದು ವಿಷಯ ಇದೆ. ಆಗ ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಯಲು ಬಿಡುವ ಪದ್ಧತಿ ಇತ್ತು. ಆ ಮಕ್ಕಳಿಗೆ ಎಂಥ ಗಂಜಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ: ಕೆಳಗಿನ ದರ್ಜೆಯವರ ಮಗನಿಗೆ ನೀರಲ್ಲಿ ಅಥವಾ ಮಜ್ಜಿಗೆಯಲ್ಲಿ ಬೇಯಿಸಿದ ಓಟ್ಸ್ ಗಂಜಿ, ಮೇಲೆ ಉಪ್ಪು ಬೆಣ್ಣೆ. ನಾಯಕನ ಮಗನಿಗೆ ಹೊಸ ಹಾಲಿನಲ್ಲಿ ಮಾಡಿದ್ದು, ಹೊಸ ಬೆಣ್ಣೆ. ರಾಜನ ಮಗನಿಗೆ ಜೇನುತುಪ್ಪ. ಒಂದು ಬಟ್ಟಲು ಗಂಜಿ ನೋಡಿದರೆ ಸಾಕು, ಮಗು ಯಾರ ಮನೆಯದು ಅಂತ ಗೊತ್ತಾಗುತ್ತಿತ್ತು. ನನಗೆ ಇದನ್ನು ಓದಿದಾಗೆಲ್ಲ ಆ ಉಪ್ಪು ಬೆಣ್ಣೆಯ ಹುಡುಗನ ಬಗ್ಗೆ ಬೇಜಾರಾಗುತ್ತದೆ.

ಬೆಣ್ಣೆ ಮೇಲೆ ಆ ಜನಕ್ಕೆ ಎಷ್ಟು ಜೀವ ಇತ್ತು ಅನ್ನುವುದಕ್ಕೆ ಜೌಗು ನೆಲದಲ್ಲಿ ಸಿಗುವ ಬೆಣ್ಣೆಯೇ ಸಾಕ್ಷಿ. ಮರದ ಪಾತ್ರೆಯಲ್ಲಿ ತುಂಬಿ, ಅಥವಾ ತೊಗಟೆಯಲ್ಲಿ ಸುತ್ತಿ ಕೆಸರಿನೊಳಗೆ ಹೂತಿಟ್ಟ ಬೆಣ್ಣೆ ಈಗಲೂ ಉರುವಲಿಗೆ ನೆಲ ಕತ್ತರಿಸುವಾಗ ಸಿಗುತ್ತದೆ. ಕೆಲವು 3000 ವರ್ಷಕ್ಕಿಂತ ಹಳೆಯವು. ಅಲ್ಲಿ ಗಾಳಿ ಆಡುವುದಿಲ್ಲ, ತಂಪು, ಹುಳಿ ಮಣ್ಣು, ಹಾಗಾಗಿ ಬೆಣ್ಣೆ ಕೊಳೆಯದೆ ಮೇಣದ ಥರ ಗಟ್ಟಿಯಾಗಿ ಉಳಿದಿದೆ. ಕೆಡದಿರಲಿ ಅಂತ ಹೂತಿಟ್ಟರೋ, ಕಳ್ಳರಿಂದ ಬಚ್ಚಿಟ್ಟರೋ, ದೇವರಿಗೆ ಒಪ್ಪಿಸಿದರೋ, ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ.

ಪ್ರಶ್ನೆ: ಒಬ್ಬ ಮನುಷ್ಯ ದಿನಕ್ಕೆ 5-6 ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ ಅಂತ ಎಲ್ಲೋ ಓದಿದೆ. ನಂಬುವ ಮಾತಾ? ಬರೀ ಅದನ್ನೇ ತಿಂದು ಬದುಕುವುದು ಹೇಗೆ?

ನಂಬಿ. ಮೈ ಬಗ್ಗಿಸಿ ದುಡಿಯುವ ಗಂಡಸು ದಿನಕ್ಕೆ 10ರಿಂದ 14 ಪೌಂಡ್, ಅಂದರೆ ಸುಮಾರು ನಾಲ್ಕೂವರೆಯಿಂದ ಆರು ಕಿಲೋ ತಿನ್ನುತ್ತಿದ್ದ ಅಂತ ಆ ಕಾಲದ ದಾಖಲೆಗಳು ಹೇಳುತ್ತವೆ. ಮೂರು ಹೊತ್ತೂ ಅದೇ. ಜೊತೆಗೆ ಮಜ್ಜಿಗೆ ಇದ್ದರೆ ಪುಣ್ಯ. ಇಲ್ಲದಿದ್ದರೆ ಉಪ್ಪು ನೀರಿನಲ್ಲಿ ಅದ್ದಿಕೊಂಡು ತಿನ್ನುವುದು. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯಲ್ಲಿ ವಿಟಮಿನ್ ಸಿ ಇದೆ, ಪಿಷ್ಟ ಇದೆ, ತಕ್ಕಮಟ್ಟಿಗೆ ಪ್ರೋಟೀನ್ ಕೂಡ ಇದೆ. ಅದರಲ್ಲಿ ಇಲ್ಲದ್ದನ್ನು ಮಜ್ಜಿಗೆ ತುಂಬಿಕೊಡುತ್ತಿತ್ತು. ಆ ಜನ ಬಡವರಾದರೂ ಗಟ್ಟಿಮುಟ್ಟಾಗಿದ್ದರು ಅಂತ ನೋಡಿದ ಪ್ರವಾಸಿಗರು ಬರೆದಿದ್ದಾರೆ.

ಉಣ್ಣುವ ರೀತಿಯೂ ಕೇಳಿ. ಬೆಂದ ಆಲೂಗಡ್ಡೆಯನ್ನು ಬಾಗಿಲ ಹೊರಗೆ ಬೆತ್ತದ ಅಗಲ ಬುಟ್ಟಿಗೆ ಬಸಿದು, ಆ ಬುಟ್ಟಿಯನ್ನೇ ಖಾಲಿ ಪಾತ್ರೆಯ ಬಾಯಿ ಮೇಲೆ ಇಟ್ಟರೆ ಅದೇ ಊಟದ ಮೇಜು. ನಡುವೆ ಉಪ್ಪುನೀರಿನ ಬಟ್ಟಲು, ಸುತ್ತ ಮನೆಮಂದಿ. ಉಗುರಿನಲ್ಲೇ ಸಿಪ್ಪೆ ಸುಲಿಯುವುದು. ಕೆಲವರು ಆಲೂಗಡ್ಡೆಯ ಒಳಗಿನ ತಿರುಳು ಸ್ವಲ್ಪ ಗಟ್ಟಿ ಉಳಿಯುವಂತೆ ಬೇಕಂತಲೇ ಅರೆಬೆಂದ ಸ್ಥಿತಿಯಲ್ಲಿ ಇಳಿಸುತ್ತಿದ್ದರು, ಯಾಕೆಂದರೆ ಅದು ನಿಧಾನ ಜೀರ್ಣವಾಗುತ್ತದೆ, ಮುಂದಿನ ಊಟದ ತನಕ ಹೊಟ್ಟೆ ತಡೆಯುತ್ತದೆ. ಹಸಿವನ್ನು ಚೆನ್ನಾಗಿ ಬಲ್ಲ ಅಡುಗೆಯವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಅವರೇನು ಬೇರೆ ಅಡುಗೆ ಬರದೆ ಹೀಗೆ ತಿಂದವರಲ್ಲ, ಇದನ್ನು ಒತ್ತಿ ಹೇಳಬೇಕು ನನಗೆ. ಜಮೀನು ಜಮೀನುದಾರರದ್ದು. ಬೆಳೆದ ಓಟ್ಸ್, ಸಾಕಿದ ಹಂದಿ, ಕಡೆದ ಬೆಣ್ಣೆ ಎಲ್ಲವೂ ಗೇಣಿಗೆ ಹೋಗುತ್ತಿತ್ತು. ಕೂಲಿಯವನಿಗೆ ಉಳಿಯುವುದು ಒಂದು ತುಂಡು ನೆಲ, ಅಷ್ಟರಲ್ಲೇ ಇಡೀ ಕುಟುಂಬದ ಹೊಟ್ಟೆ ತುಂಬಬೇಕು. ಅದನ್ನು ಮಾಡುವ ಬೆಳೆ ಆಲೂಗಡ್ಡೆ ಒಂದೇ. ಅದರಲ್ಲೂ ಲಂಪರ್ ಅನ್ನುವ ತಳಿ ಎಂಥ ಕೆಟ್ಟ ನೆಲದಲ್ಲೂ ರಾಶಿ ರಾಶಿ ಬಿಡುತ್ತಿತ್ತು, ರುಚಿ ಮಾತ್ರ ಸಪ್ಪೆ, ನೀರು ನೀರು. ಅದೂ ವರ್ಷ ಪೂರ್ತಿ ಬಾಳುತ್ತಿರಲಿಲ್ಲ. ಜುಲೈ ಬಂದರೆ ಹಳೆಯದು ಮುಗಿದಿರುತ್ತದೆ, ಹೊಸದು ಇನ್ನೂ ನೆಲದೊಳಗೆ. ಆ ತಿಂಗಳು ಎಲೆಕೋಸು, ತುರಿಕೆ ಸೊಪ್ಪು, ಸಾಲಕ್ಕೆ ತಂದ ಓಟ್ಸ್ ಹಿಟ್ಟು. ಜುಲೈ ಕೊನೆಯ ಭಾನುವಾರದ ಹೊತ್ತಿಗೆ ಹೊಸ ಆಲೂಗಡ್ಡೆ ಮೊದಲ ಸಲ ಅಗೆಯುವುದು ಅಂದರೆ ಅದೊಂದು ಹಬ್ಬ.

1845ರ ಸೆಪ್ಟೆಂಬರಿನಲ್ಲಿ ಅಂಗಮಾರಿ ರೋಗ ಕಾಣಿಸಿಕೊಂಡಿತು. 1846ರಲ್ಲಿ ಬೆಳೆ ಹೆಚ್ಚು ಕಡಿಮೆ ಪೂರ್ತಿ ಹೋಯಿತು. ಆ ಹೊತ್ತಿಗೆ ದೇಶದ 80 ಲಕ್ಷಕ್ಕೂ ಹೆಚ್ಚು ಜನರಲ್ಲಿ ಸುಮಾರು 30 ಲಕ್ಷ ಜನ ಇದೊಂದೇ ಗಡ್ಡೆಯನ್ನು ನೆಚ್ಚಿಕೊಂಡಿದ್ದರು. ಸರ್ಕಾರ ಅಮೆರಿಕದಿಂದ ಮೆಕ್ಕೆಜೋಳ ತರಿಸಿತು. ಕಲ್ಲಿನಂಥ ಕಾಳು, ಅದನ್ನು ಹೇಗೆ ಬೀಸಬೇಕು, ಎಷ್ಟು ಹೊತ್ತು ಬೇಯಿಸಬೇಕು ಅಂತ ಯಾರಿಗೂ ತಿಳಿಯದು, ಅರೆಬೆಂದದ್ದನ್ನೇ ತಿಂದು ಹೊಟ್ಟೆ ಕೆಡಿಸಿಕೊಂಡರು. 1847ರ ಬೇಸಿಗೆಯಲ್ಲಿ ಗಂಜಿಕೇಂದ್ರಗಳು ದಿನಕ್ಕೆ 30 ಲಕ್ಷ ಜನಕ್ಕೆ ಊಟ ಹಾಕಿದವು. ಕೆಲವೇ ತಿಂಗಳಲ್ಲಿ ಅವನ್ನು ಮುಚ್ಚಿಬಿಟ್ಟರು. ಅದೇ ವರ್ಷಗಳಲ್ಲಿ ಬಂದರುಗಳಿಂದ ಬೆಣ್ಣೆ, ಧಾನ್ಯ, ದನ ಹಡಗು ಹತ್ತಿ ಹೊರಗೆ ಹೋಗುತ್ತಲೇ ಇದ್ದವು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು.

ಪ್ರಶ್ನೆ: ಸುತ್ತ ಸಮುದ್ರ ಇಟ್ಟುಕೊಂಡು ಹಸಿವಿನಿಂದ ಸತ್ತರು ಅಂದರೆ ಅರ್ಥ ಆಗುವುದಿಲ್ಲ. ಮೀನು ಹಿಡಿಯಬಹುದಿತ್ತಲ್ಲ?

ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ಪಶ್ಚಿಮ ಕರಾವಳಿಯ ಬಡವರ ಬಳಿ ಇದ್ದದ್ದು ಮರದ ಚೌಕಟ್ಟಿನ ಮೇಲೆ ಹೊದಿಕೆ ಬಿಗಿದ ಹಗುರ ದೋಣಿ. ಅಟ್ಲಾಂಟಿಕ್‌ನ ಅಲೆಗೆ ಅದರಲ್ಲಿ ಆಳ ಸಮುದ್ರಕ್ಕೆ ಹೋಗುವುದು ಅಂದರೆ ಪ್ರಾಣ ಪಣಕ್ಕಿಟ್ಟಂತೆ. ಹಿಡಿದರೂ ಕೆಡದಂತೆ ಇಡಲು ಉಪ್ಪು ಬೇಕು, ಊರೊಳಗೆ ಸಾಗಿಸಲು ದಾರಿ ಬೇಕು. ಎರಡಕ್ಕೂ ಕಾಸಿಲ್ಲ. ಗಾಲ್ವೇ ಪಕ್ಕದ ಕ್ಲಾಡಾ ಅನ್ನುವ ಬೆಸ್ತರ ಊರಿನಲ್ಲಂತೂ ಬರಗಾಲದಲ್ಲಿ ಓಟ್ಸ್ ಹಿಟ್ಟು ಕೊಳ್ಳಲು ಬಲೆಗಳನ್ನೇ ಅಡವಿಟ್ಟರು. ಆಮೇಲೆ ಯಾವುದರಲ್ಲಿ ಹಿಡಿಯುವುದು? ಕರಾವಳಿಯವರು ಬಂಡೆಗೆ ಅಂಟಿದ ಚಿಪ್ಪುಜೀವಿ, ಕಡಲಪಾಚಿ ಎಲ್ಲ ಕೆರೆದು ಕೆರೆದು ತಿಂದರು. ಎಷ್ಟೋ ಕಡೆ ಅದಾದ ಮೇಲೆ ಚಿಪ್ಪುಜೀವಿ ತಿನ್ನುವುದು ಅಂದರೆ ಗತಿಯಿಲ್ಲದವರ ಊಟ ಅನ್ನುವ ಭಾವನೆ ಉಳಿದುಬಿಟ್ಟಿತು.

ಪ್ರಶ್ನೆ: ಹಳೇ ಐರಿಶ್ ಮನೆಗಳಲ್ಲಿ ಓವನ್ ಇರಲಿಲ್ಲ ಅಂತಾರೆ, ಮತ್ತೆ ಬ್ರೆಡ್ ಹೇಗೆ ಸುಡುತ್ತಿದ್ದರು?

ಮೂರು ಕಾಲಿನ ಕಬ್ಬಿಣದ ಪಾತ್ರೆಯಲ್ಲಿ. ಬ್ಯಾಸ್ಟಿಬಲ್ ಅಂತ ಕರೆಯುತ್ತಾರೆ, ಚಪ್ಪಟೆ ತಳ, ನೇರ ಗೋಡೆ, ಮೇಲೆ ಭಾರದ ಮುಚ್ಚಳ. ಹಿಟ್ಟು ಒಳಗಿಟ್ಟು ಮುಚ್ಚಿ ಬೆಂಕಿಯ ಮೇಲೆ ತೂಗುಹಾಕಬೇಕು, ಆಮೇಲೆ ಇಕ್ಕುಳದಲ್ಲಿ ಕೆಂಡ ಎತ್ತಿ ಮುಚ್ಚಳದ ಮೇಲೂ ಹರಡಬೇಕು. ಮೇಲೆ ಕೆಳಗೆ ಎರಡೂ ಕಡೆ ಶಾಖ. ಬ್ರೆಡ್, ಸೇಬಿನ ಕೇಕ್, ಕ್ರಿಸ್ಮಸ್‌ಗೆ ಹೆಬ್ಬಾತು, ಎಲ್ಲ ಅದರಲ್ಲೇ.

ಬೆಂಕಿ ಅಂದರೆ ಸೌದೆ ಅಲ್ಲ, ಟರ್ಫ್. ಕಾಡು ಎಂದೋ ಕಡಿದು ಹೋಗಿತ್ತು. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಕೂತ ಗಿಡಗಂಟಿಯ ಪದರವನ್ನು ಬೇಸಿಗೆಗೆ ಮುಂಚೆ ಉದ್ದ ತುಂಡುಗಳಾಗಿ ಕತ್ತರಿಸಿ, ಒಣಗಿಸಿ, ಮನೆ ಪಕ್ಕ ಒಟ್ಟಿ ಇಡುತ್ತಿದ್ದರು. ಅದು ಧಗಧಗ ಉರಿಯುವುದಿಲ್ಲ, ನಿಧಾನ ಕೆಂಡವಾಗಿ ಗಂಟೆಗಟ್ಟಲೆ ಶಾಖ ಕೊಡುತ್ತದೆ. ಐರಿಶ್ ಅಡುಗೆಯಲ್ಲಿ ಬೇಯಿಸುವುದು ಜಾಸ್ತಿ, ಹುರಿಯುವುದು ಕಮ್ಮಿ ಆಗಲು ಆ ಬೆಂಕಿಯೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಒಲೆಯ ಪಕ್ಕ ಬಾಗಿಲಿನಂತೆ ತಿರುಗುವ ಕಬ್ಬಿಣದ ತೋಳು, ಅದಕ್ಕೆ ಹಲ್ಲುಹಲ್ಲಿನ ಕೊಕ್ಕೆಗಳು. ಉರಿ ಕಮ್ಮಿ ಮಾಡಬೇಕಾದರೆ ಪಾತ್ರೆಯನ್ನು ಒಂದು ಹಲ್ಲು ಮೇಲೆ ಏರಿಸುವುದು, ಅಷ್ಟೇ. ರಾತ್ರಿ ಮಲಗುವ ಮುನ್ನ ಮನೆಯಾಕೆ ಕೆಂಡವನ್ನು ಬೂದಿಯಿಂದ ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದಳು, ಬೆಳಗ್ಗೆ ಕೆದಕಿದರೆ ಮತ್ತೆ ಬೆಂಕಿ. ಎಷ್ಟೋ ಮನೆಗಳಲ್ಲಿ ತಲೆಮಾರುಗಟ್ಟಲೆ ಬೆಂಕಿ ಆರಿರಲಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಇದೆಲ್ಲ ಬಹಳ ಹಿಂದಿನ ಮಾತೂ ಅಲ್ಲ. ಹಳ್ಳಿಗಳಿಗೆ ಕರೆಂಟು ಕೊಡುವ ಯೋಜನೆಯ ಮೊದಲ ಕಂಬ ನೆಟ್ಟದ್ದು 1946ರ ನವೆಂಬರಿನಲ್ಲಿ, ಡಬ್ಲಿನ್ ಕೌಂಟಿಯ ಕಿಲ್ಸಾಲಹನ್ ಅನ್ನುವಲ್ಲಿ. ದೂರದ ಊರುಗಳಿಗೆ ಅದು ಮುಟ್ಟಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಈ ಒಲೆಯ ಮುಂದೆ ಬೆಳೆದವರು ಇವತ್ತಿಗೂ ಅಲ್ಲಿ ಇದ್ದಾರೆ.

ಪ್ರಶ್ನೆ: ಐರಿಶ್ ಸ್ಟ್ಯೂಗೆ ಕ್ಯಾರೆಟ್ ಹಾಕಬೇಕಾ, ಬೇಡವಾ?

ಹಳೇ ಕ್ರಮದಲ್ಲಿ ಬೇಡ. ಕುರಿಮಾಂಸ, ಈರುಳ್ಳಿ, ಆಲೂಗಡ್ಡೆ, ನೀರು, ಉಪ್ಪು, ಅಷ್ಟೇ. ಕೊಬ್ಬಿರುವ ಕತ್ತಿನ ಭಾಗದ ಮಾಂಸವೇ ಚೆಂದ. ಕ್ಯಾರೆಟ್ ಹಾಕುವ ಮನೆಗಳೂ ಬೇಕಾದಷ್ಟಿವೆ, ಅವರೂ ಐರಿಶರೇ.

ಪ್ರಶ್ನೆ: ಅಮೆರಿಕದಲ್ಲಿ ಐರಿಶರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನ ಕಾರ್ನ್ಡ್ ಬೀಫ್, ಅಂದರೆ ಉಪ್ಪು ಹಾಕಿ ಇಟ್ಟ ದನದ ಮಾಂಸ ತಿನ್ನುತ್ತಾರೆ. ಅದು ಐರ್ಲೆಂಡಿನ ಹಳೇ ಊಟವಾ?

ಐರ್ಲೆಂಡಿನಲ್ಲಿ ತಯಾರಾಗುತ್ತಿದ್ದದ್ದು ಹೌದು, ಅಲ್ಲಿನ ಬಡವರು ತಿನ್ನುತ್ತಿದ್ದದ್ದು ಅಲ್ಲ. 1660ರ ದಶಕದಲ್ಲಿ ಐರಿಶ್ ದನಗಳನ್ನು ಜೀವಂತ ತರಬಾರದು ಅಂತ ಇಂಗ್ಲೆಂಡ್ ಕಾನೂನು ಮಾಡಿತು. ಆಗ ದನ ಕಡಿದು, ಉಪ್ಪು ಹಾಕಿ, ಪೀಪಾಯಿಗೆ ತುಂಬಿ ಕಳಿಸುವ ವ್ಯಾಪಾರ ಕಾರ್ಕ್ ಬಂದರಿನಲ್ಲಿ ಜೋರಾಗಿ ಬೆಳೆಯಿತು. ಹಡಗುಗಳಿಗೆ, ವೆಸ್ಟ್ ಇಂಡೀಸ್‌ಗೆ ಅದೇ ಮಾಂಸ. ಪೀಪಾಯಿ ತುಂಬಿದ ಕೂಲಿಯವರಿಗೆ ಅದು ಎಟುಕುತ್ತಿರಲಿಲ್ಲ. ಮನೆಯಲ್ಲಿ ಹಬ್ಬದ ದಿನ ಇದ್ದರೆ ಉಪ್ಪು ಹಾಕಿದ ಹಂದಿಮಾಂಸ, ಎಲೆಕೋಸು. ನ್ಯೂಯಾರ್ಕಿಗೆ ವಲಸೆ ಹೋದವರಿಗೆ ಯಹೂದಿ ಕಸಾಯಿಗಳ ಅಂಗಡಿಯಲ್ಲಿ ಉಪ್ಪಿನ ದನದ ಮಾಂಸ ಅಗ್ಗಕ್ಕೆ ಸಿಕ್ಕಿತು, ಹಂದಿಯ ಜಾಗಕ್ಕೆ ಅದು ಬಂತು.

ಪ್ರಶ್ನೆ: ನಾನು ಸಸ್ಯಾಹಾರಿ. ಆ ಅಡುಗೆಯಲ್ಲಿ ನನಗೆ ಏನಾದರೂ ಇದೆಯಾ?

ಬೇಕಾದಷ್ಟು! ಮಾಂಸ ಇಲ್ಲದ ಅಡುಗೆ ಅಲ್ಲಿ ದಿನದ ಅಡುಗೆ. ಕ್ಯಾಥೊಲಿಕ್ ಕಟ್ಟಳೆ ಪ್ರಕಾರ ಆಗ ಶುಕ್ರವಾರ ಮಾಂಸ ಇರಲಿಲ್ಲ, ಈಸ್ಟರ್ ಮುಂಚಿನ ಉಪವಾಸದ ವಾರಗಳಲ್ಲಿ ಹಿಂದೆಲ್ಲ ಹಾಲು ಮೊಟ್ಟೆ ಕೂಡ ಇಲ್ಲ. ಅಕ್ಟೋಬರ್ 31ರ ಹ್ಯಾಲೋವೀನ್ ಕೂಡ ಮಾಂಸ ಬಿಡುವ ದಿನವೇ ಆಗಿತ್ತು. ಹಾಗಾಗಿ ಆ ರಾತ್ರಿಯ ವಿಶೇಷಗಳೆಲ್ಲ ಆಲೂಗಡ್ಡೆ, ಬೆಣ್ಣೆಯವು.

ಕೋಲ್‌ಕ್ಯಾನನ್ ಮಾಡಿ ನೋಡಿ. ಬೇಯಿಸಿದ ಆಲೂಗಡ್ಡೆಯನ್ನು ಬಿಸಿ ಹಾಲು ಹಾಕಿ ನುಣ್ಣಗೆ ಮಸೆದು, ಬೆಂದ ಕೇಲ್ ಸೊಪ್ಪು ಅಥವಾ ಎಲೆಕೋಸು ಕಲಸಿ, ತಟ್ಟೆಯಲ್ಲಿ ಗುಡ್ಡೆ ಮಾಡಿ ನಡುವೆ ಗುಂಡಿ ತೋಡಿ ಬೆಣ್ಣೆ ತುಂಬುವುದು. ಅಂಚಿನಿಂದ ತಿನ್ನುತ್ತಾ ಒಂದೊಂದು ತುತ್ತನ್ನೂ ಕರಗಿದ ಬೆಣ್ಣೆಯಲ್ಲಿ ಅದ್ದಬೇಕು. ಉತ್ತರದ ಅಲ್ಸ್ಟರ್ ಕಡೆ ಸೊಪ್ಪಿನ ಬದಲು ಈರುಳ್ಳಿ ಹೂ ಹಾಕಿ ಮಾಡಿದರೆ ಅದು ಚಾಂಪ್. ಲೀಟ್ರಿಮ್, ಕ್ಯಾವನ್ ಕಡೆಯವರದ್ದು ಬಾಕ್ಸ್ಟಿ: ಹಸಿ ಆಲೂಗಡ್ಡೆ ತುರಿದು ಬಟ್ಟೆಯಲ್ಲಿ ಹಿಂಡಿ, ಬೆಂದ ಆಲೂಗಡ್ಡೆ, ಹಿಟ್ಟು, ಮಜ್ಜಿಗೆ ಸೇರಿಸಿ ಕಾವಲಿಯ ಮೇಲೆ ಬೇಯಿಸುವುದು. ಹಳಬರು ಹಂದಿ ಕೊಬ್ಬು ಸವರುತ್ತಿದ್ದರು, ನೀವು ಬೆಣ್ಣೆ ಸವರಿ. ಕ್ಯಾರಗೀನ್ ಅನ್ನುವ ಕಡಲಪಾಚಿಯನ್ನು ಹಾಲಿನಲ್ಲಿ ಕುದಿಸಿ ಸೋಸಿದರೆ ತಾನೇ ಗಟ್ಟಿಯಾಗುವ ಸಿಹಿ ಆಗುತ್ತದೆ, ಜಿಲೆಟಿನ್ ಬೇಡ. ಓಟ್ಸ್ ಹೊಟ್ಟನ್ನು ಕೆಲವು ದಿನ ನೀರಲ್ಲಿ ನೆನೆಸಿ ಹುಳಿ ಬರಿಸಿ, ಸೋಸಿ ಕಾಯಿಸುವ ಸೋವೆನ್ಸ್ ಅಂತ ಒಂದಿತ್ತು. ಹೆಚ್ಚುಕಮ್ಮಿ ನಮ್ಮ ಹುಳಿ ಅಂಬಲಿಯೇ. ಉಪವಾಸದ ದಿನ ಹಾಲಿನ ಬದಲು ಅದನ್ನೇ ಕುಡಿಯುತ್ತಿದ್ದರು.

ಪ್ರಶ್ನೆ: ಅಷ್ಟು ಬೆಣ್ಣೆ ಯಾರು ಕಡೆಯುತ್ತಿದ್ದರು? ಮನೆ ಹೆಂಗಸರೇ?

ಅವರೇ. ಹಾಲು ಕರೆಯುವುದು, ಕಡೆಯುವುದು, ಉಪ್ಪು ಬೆರೆಸಿ ಪೀಪಾಯಿಗೆ ತುಂಬುವುದು ಎಲ್ಲ ಹೆಂಗಸರ ಕೈಕೆಲಸ. ಕಡೆಯುವ ಹೊತ್ತಿಗೆ ಮನೆಗೆ ಯಾರೇ ಬಂದರೂ ಒಂದೆರಡು ಸಲ ಕಡಗೋಲು ಆಡಿಸದೆ ಹೋಗುವಂತಿರಲಿಲ್ಲ, ಹೋದರೆ ಬೆಣ್ಣೆ ಬರುವುದಿಲ್ಲ ಅನ್ನುವ ನಂಬಿಕೆ. ಮೇ ಒಂದನೇ ತಾರೀಖು ಹಾಲಾಗಲಿ ಬೆಂಕಿಯಾಗಲಿ ಮನೆಯಿಂದ ಹೊರಗೆ ಕೊಡಬಾರದು, ವರ್ಷದ ಬೆಣ್ಣೆಯ ಅದೃಷ್ಟವೇ ಅದರ ಜೊತೆ ಹೋಗಿಬಿಡುತ್ತದೆ ಅಂತ ಹೆದರಿಕೆ. ಹೀಗೆ ಹಳ್ಳಿಗಳಲ್ಲಿ ತುಂಬಿದ ಪೀಪಾಯಿಗಳು ಗಾಡಿ ಏರಿ ಕಾರ್ಕ್‌ಗೆ ಬರುತ್ತಿದ್ದವು. ಅಲ್ಲಿ 1770ರಲ್ಲಿ ಶುರುವಾದ ಬೆಣ್ಣೆ ಮಾರುಕಟ್ಟೆ ಮುಂದೆ ಜಗತ್ತಿನಲ್ಲೇ ದೊಡ್ಡದಾಯಿತು. ತನಿಖೆಯವರು ಪ್ರತಿ ಪೀಪಾಯಿಗೂ ಸಲಾಕೆ ಚುಚ್ಚಿ, ಮೂಸಿ, ರುಚಿ ನೋಡಿ ದರ್ಜೆ ಕಟ್ಟುತ್ತಿದ್ದರು. ಬೆಣ್ಣೆ ಮತ್ತು ಕೋಳಿಮೊಟ್ಟೆ ಮಾರಿದ ದುಡ್ಡು ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಯಲ್ಲೇ ಇರುತ್ತಿತ್ತು. 1890ರ ದಶಕದಿಂದ ಕ್ರೀಮರಿಗಳು, ಅಂದರೆ ಹಾಲು ಕೊಂಡು ಬೆಣ್ಣೆ ತೆಗೆಯುವ ಕಾರ್ಖಾನೆಗಳು, ಊರೂರಿಗೆ ಬಂದವು, ಹಾಲು ನೇರ ಅಲ್ಲಿಗೆ ಹೋಯಿತು, ದುಡ್ಡು ಗಂಡಸಿನ ಹೆಸರಿಗೆ ಬರತೊಡಗಿತು. ಬೆಣ್ಣೆಯ ಗುಣ ಸುಧಾರಿಸಿತು ಅನ್ನುವುದು ನಿಜ, ಆದರೆ ಆ ಹೆಂಗಸರು ಕಳೆದುಕೊಂಡದ್ದನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಪ್ರಶ್ನೆ: ಐರಿಶರು ಈಗ ಚಹಾ ಕುಡಿಯುವುದರಲ್ಲಿ ಮುಂದಂತೆ. ಮೊದಲಿಂದಲೂ ಹಾಗೇನಾ?

ಇಲ್ಲ. ಹಳ್ಳಿಗಳಲ್ಲಿ ಚಹಾ ದಿನಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಕಡೆಗೆ. 1937ರಿಂದ 1939ರ ತನಕ ಅಲ್ಲಿ ಒಂದು ಒಳ್ಳೇ ಕೆಲಸ ನಡೆಯಿತು. ಸುಮಾರು 5000 ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ಮನೆಯ, ನೆರೆಯ ಮುದುಕರನ್ನು ಕೇಳಿ ಹಳೇ ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದರು, ಅದರಲ್ಲಿ ಹಿಂದಿನ ಕಾಲದ ಊಟವೂ ಒಂದು ವಿಷಯ. ಈಗ ಅವೆಲ್ಲ ಅಂತರ್ಜಾಲದಲ್ಲಿವೆ. ಕ್ರಿಸ್ಮಸ್ ಮತ್ತು ಈಸ್ಟರ್ ದಿನ ಮಾತ್ರ ಚಹಾ ಇತ್ತು ಅಂತ ಎಷ್ಟೋ ಅಜ್ಜಿಯರು ಹೇಳಿದ್ದಾರೆ. ಮೊದಲ ಸಲ ಚಹಾ ಸಿಕ್ಕ ಹೆಂಗಸು ಅದನ್ನು ಕುದಿಸಿ, ನೀರು ಚೆಲ್ಲಿ, ಸೊಪ್ಪಿನಂತೆ ತಟ್ಟೆಗೆ ಬಡಿಸಿದಳು ಅನ್ನುವ ಕತೆ ಒಂದಕ್ಕಿಂತ ಜಾಸ್ತಿ ಊರುಗಳಿಂದ ಬಂದಿದೆ. ಮರದ ಬಟ್ಟಲುಗಳು, ಗೋಡೆಗೆ ಮಡಚಿ ಕಟ್ಟುವ ಮೇಜು, ಬೆಂಕಿಯ ಮುಂದೆ ಒರಗಿಸಿ ಒಣಗಿಸುವ ಓಟ್ಸ್ ರೊಟ್ಟಿ, ಎಲ್ಲ ಆ ಮಕ್ಕಳ ಕೈಬರಹದಲ್ಲಿ ಇವೆ. ಬಿಡುವು ಇದ್ದರೆ ಖಂಡಿತ ಓದಿ.

ಪ್ರಶ್ನೆ: ಸೋಡಾ ಬ್ರೆಡ್ ಮಾಡುವುದು ಹೇಗೆ? ಯೀಸ್ಟ್ ಯಾಕೆ ಹಾಕುವುದಿಲ್ಲ?

ಐರ್ಲೆಂಡಿನ ಗೋಧಿ ಮೆತ್ತನೆಯದು, ಅಂಟು ಕಮ್ಮಿ, ಯೀಸ್ಟ್ ಹಾಕಿದರೆ ಚೆನ್ನಾಗಿ ಉಬ್ಬುವುದಿಲ್ಲ. 1830ರ ದಶಕದಲ್ಲಿ ಅಡುಗೆ ಸೋಡಾ ಅಂಗಡಿಗೆ ಬಂತು. ಬೆಣ್ಣೆ ಕಡೆದ ಮನೆಯಲ್ಲಿ ಹುಳಿ ಮಜ್ಜಿಗೆ ಇದ್ದೇ ಇತ್ತು. ಹುಳಿಗೆ ಸೋಡಾ ಸೇರಿದ ಕೂಡಲೇ ಗಾಳಿಗುಳ್ಳೆ ಏಳುತ್ತದೆ, ಹಿಟ್ಟು ಹಗುರಾಗುತ್ತದೆ, ಕಾಯುವ ಕೆಲಸ ಇಲ್ಲ.

450 ಗ್ರಾಂ ಮೈದಾಗೆ ಒಂದು ಸಮ ಚಮಚ ಉಪ್ಪು, ಒಂದು ಸಮ ಚಮಚ ಅಡುಗೆ ಸೋಡಾ, ಎರಡೂ ಟೀ ಚಮಚದ ಅಳತೆ. ಸೋಡಾದಲ್ಲಿ ಗಂಟಿರಬಾರದು, ಜರಡಿ ಹಿಡಿಯಿರಿ. 350ರಿಂದ 400 ಮಿಲಿ ಗಟ್ಟಿ ಹುಳಿ ಮಜ್ಜಿಗೆಯನ್ನು ನಡುವೆ ಸುರಿದು, ಬೆರಳು ಅಗಲಿಸಿ ಸುತ್ತು ತಿರುಗಿಸುತ್ತಾ ಕೂಡಿಸಿ. ನಾದಲೇಬೇಡಿ. ನಾದಿದರೆ ಗಟ್ಟಿಯಾಗುತ್ತದೆ, ಮೊದಲ ಸಲ ಮಾಡುವವರು ಎಡವುವುದು ಇಲ್ಲೇ. ದುಂಡಗೆ ತಟ್ಟಿ, ಮೇಲೆ ಚಾಕುವಿನಿಂದ ಆಳವಾಗಿ ಶಿಲುಬೆಯಂತೆ ಗೀರಬೇಕು. ಮನೆಗೆ ಒಳ್ಳೆಯದಾಗಲಿ ಅಂತ ಹಳಬರು ಗೀರುತ್ತಿದ್ದರು, ದಪ್ಪ ನಡುಭಾಗ ಬೇಯುವುದಕ್ಕೂ ಅದು ಬೇಕು. ಕಲಸಿದ ಮೇಲೆ ತಡ ಮಾಡದೆ 230 ಡಿಗ್ರಿಯ ಓವನ್‌ನಲ್ಲಿ 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ ಸುಮಾರು ಅರ್ಧ ಗಂಟೆ. ಹೊರತೆಗೆದು ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಬಾರದಿದ್ದರೆ ಇನ್ನೈದು ನಿಮಿಷ ಇಡಿ. ಸಿಪ್ಪೆ ಮೆತ್ತಗೆ ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿಡಿ. ಒಣದ್ರಾಕ್ಷಿ, ಮೊಟ್ಟೆ, ಸಕ್ಕರೆ ಹಾಕುವುದು ಹಬ್ಬಕ್ಕೆ, ದಿನದ ಬ್ರೆಡ್ಡಿಗೆ ಮೇಲಿನ ನಾಲ್ಕೇ ಸಾಮಾನು. ಮಾಡಿದ ದಿನವೇ ತಿನ್ನಿ, ಮರುದಿನಕ್ಕೆ ಒಣಗುತ್ತದೆ, ಉಳಿದರೆ ಕಾವಲಿಯ ಮೇಲೆ ಬಿಸಿ ಮಾಡಿ ಬೆಣ್ಣೆ ಸವರಿಕೊಳ್ಳಿ.